ಹೋದ ವರ್ಷದ ಕೊಳ್ಳಿ

ನಮ್ಮ ಮನೆಯಲ್ಲಿ ಯಾವ ಪಂಚಾಂಗದಲ್ಲೂ ಇಲ್ಲದ ಒಂದು ಹಬ್ಬ ನಡೆಯುತ್ತದೆ. ಶುರುವಾಗಿ ಎರಡೇ ವರ್ಷ, ಆದರೂ ಊರಿಗೆಲ್ಲ ಗೊತ್ತಾಗಿಬಿಟ್ಟಿದೆ. ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿ, ಅಂಗಳದಲ್ಲಿ ಕೊರಡು ಸುಡುವ ಟೀಚರ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ನಕ್ಕು ದಾರಿ ತೋರಿಸುತ್ತಾರೆ. ನಗಲಿ, ನನಗೇನು. ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿ ಹೇಳಿಯೇ ನಿವೃತ್ತಳಾದವಳು ನಾನು. ನಗುವವರ ಎದುರು ನಿಂತು ಮಾತಾಡುವುದು ನನಗೆ ಊಟ ತಿಂಡಿಯಷ್ಟೇ ಅಭ್ಯಾಸ.

ಇದಕ್ಕೆಲ್ಲ ಮೂಲ ಮಗಳ ಬಾಣಂತನ. ಅವಳು ನರ್ಸು, ಯುರೋಪಿನ ಉತ್ತರದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ. ಹೆರಿಗೆ ನವೆಂಬರಿನಲ್ಲಿ ಎಂದಾಗ ನಾನು ಕಾಳುಮೆಣಸು, ಒಣಶುಂಠಿ, ಓಮ, ಒಂದಿಷ್ಟು ಕುಚ್ಚಲಕ್ಕಿ ಕಟ್ಟಿಕೊಂಡು ವಿಮಾನ ಹತ್ತಿದೆ. ಅಲ್ಲಿ ಚಳಿ, ಸ್ವೆಟರ್ ಇಟ್ಟುಕೊಳ್ಳಿ, ಕಾಲುಚೀಲ ಇಟ್ಟುಕೊಳ್ಳಿ ಎಂದು ಊರೆಲ್ಲ ಉಪದೇಶ ಮಾಡಿತ್ತು. ಕತ್ತಲೆಯ ಸುದ್ದಿ ಮಾತ್ರ ಯಾರೂ ಎತ್ತಿರಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿಯ ಸೂರ್ಯ ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ಏಳುತ್ತಾನೆ, ಮನೆಗಳ ಮಾಡಿಗಿಂತ ಸ್ವಲ್ಪ ಮೇಲಕ್ಕೆ ಬಂದು ಇಣುಕುತ್ತಾನೆ, ಮೂರು ಗಂಟೆ ಆಗುವುದರೊಳಗೆ ಹೊರಟೇಬಿಡುತ್ತಾನೆ. ಎಂಥಾ ಮೈಗಳ್ಳ ಸೂರ್ಯ ಮಾರಾಯ್ರೆ! ಬಾಣಂತಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಮಗುವನ್ನು ಮಲಗಿಸಿ, ಒಂದು ಲೋಟ ಚಾ ಹಿಡಿದು ಕಿಟಕಿಯ ಹತ್ತಿರ ಕೂತರೆ ಹೊರಗೆ ಆಗಲೇ ಕಗ್ಗತ್ತಲೆ. ನನಗೆ ಅಳು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಪಕ್ಕದ ಮನೆಯಲ್ಲಿ ನನ್ನದೇ ಪ್ರಾಯದ ಒಬ್ಬ ಹೆಂಗಸಿದ್ದಳು. ನನ್ನ ಹರಕುಮುರುಕು ಇಂಗ್ಲಿಷು, ಅವಳ ಹರಕುಮುರುಕು ಇಂಗ್ಲಿಷು, ಎರಡೂ ಸೇರಿ ಸಂಸಾರ ಚೆನ್ನಾಗಿಯೇ ನಡೆಯಿತು. ಅಲ್ಲಿಯ ಅತಿ ಉದ್ದದ ರಾತ್ರಿಯ ದಿನ ಅವಳು ನಮ್ಮನ್ನು ಕರೆದಳು. ಇದು ಆ ಊರಿಗೆ ಚರ್ಚು ಬರುವುದಕ್ಕೂ ಹಿಂದಿನ ಹಬ್ಬ, ಮರ, ಬೆಂಕಿ, ಸೂರ್ಯ ಇಷ್ಟನ್ನೇ ನಂಬಿಕೊಂಡಿದ್ದವರು ಮಾಡುತ್ತಿದ್ದದ್ದು, ಪೇಗನ್ ಎನ್ನುತ್ತಾರೆ ಎಂದು ಮಗಳು ವಿವರಿಸಿದಳು. ಮನೆಯೊಳಗೆ ಹಸಿರು ಸೊಪ್ಪು ಕಟ್ಟಿದ್ದರು. ಸೂರ್ಯನ ಹಾಗೆ ಗುಂಡಗಿನ ರೊಟ್ಟಿ ಸುಟ್ಟಿದ್ದರು. ಹಿತ್ತಲಿನಲ್ಲಿ ಒಂದು ದೊಡ್ಡ ಕೊರಡು ಇಟ್ಟು ಬೆಂಕಿ ಹಾಕುವುದು ಮುಖ್ಯ ಕಾರ್ಯಕ್ರಮ. ಅದಕ್ಕೆ ಬೆಂಕಿಪೆಟ್ಟಿಗೆ ಮುಟ್ಟುವಂತಿಲ್ಲ. ಹೋದ ವರ್ಷದ ಕೊರಡಿನಲ್ಲಿ ಅರ್ಧ ಸುಟ್ಟು ಉಳಿದ ತುಂಡನ್ನು ಜೋಪಾನ ಮಾಡಿಟ್ಟಿರುತ್ತಾರೆ. ಅದನ್ನು ಒಲೆಯಲ್ಲಿ ಹೊತ್ತಿಸಿ, ಆ ಕೊಳ್ಳಿಯಿಂದಲೇ ಹೊಸ ಕೊರಡಿಗೆ ಬೆಂಕಿ ಕೊಡಬೇಕು, ಅದೂ ಮನೆಯ ಅತಿ ಸಣ್ಣವರ ಕೈಯಿಂದ. ಆಗ ಸೂರ್ಯನಿಗೆ ದಾರಿ ಗೊತ್ತಾಗುತ್ತದಂತೆ, ತಿರುಗಿ ಬರುತ್ತಾನಂತೆ. ಆ ದಿನ ಅಲ್ಲಿದ್ದವರಲ್ಲಿ ಅತಿ ಸಣ್ಣದು ನಮ್ಮ ಮಗುವೇ. ಆ ಹೆಂಗಸು ಉಣ್ಣೆಬಟ್ಟೆಯೊಳಗಿನಿಂದ ಅದರ ಪುಟ್ಟ ಕೈಯನ್ನು ಹೊರಗೆ ತೆಗೆದು, ಕೊಳ್ಳಿಯ ತಣ್ಣಗಿನ ತುದಿಗೆ ಮುಟ್ಟಿಸಿ, ಬೆಂಕಿ ಹಚ್ಚಿದಳು. ನಾನು ಆ ಊರಿಗೆ ಹೋದ ಮೇಲೆ ಮೊದಲ ಸಲ ಮೈಯೂ ಮನಸ್ಸೂ ಬೆಚ್ಚಗಾದದ್ದು ಆಗಲೇ.

ಊರಿಗೆ ವಾಪಸು ಬಂದವಳು ಸುಮ್ಮನೆ ಇರಬೇಕಲ್ಲ. ಕಥೆ ಹೇಳಲು ಕೂತರೆ ನನ್ನ ಬಾಯಿಗೆ ಬ್ರೇಕಿಲ್ಲ. ಮಗನ ಮಕ್ಕಳು ಇಬ್ಬರು ಮನೆಯಲ್ಲಿದ್ದಾರೆ. ದೊಡ್ಡವನಿಗೆ ಆಗ ಏಳು ವರ್ಷ, ಸಣ್ಣವಳಿಗೆ ನಾಲ್ಕು. ಮೂರು ಗಂಟೆಗೆ ಕತ್ತಲಾಗುವ ಊರು ಎಂದಾಗ ದೊಡ್ಡವನು, ಹಾಗಾದರೆ ಶಾಲೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಕೇಳಿದ. ಸಣ್ಣವಳು ಬಂದು ನನ್ನ ಮಡಿಲಿನಲ್ಲಿ ಕೂತಳು. ಅವಳಿಗೆ ಕತ್ತಲೆ ಎಂದರೆ ಪ್ರಾಣ ಹೋದಷ್ಟು ಭಯ. ದೀಪ ಹಚ್ಚುವ ಹೊತ್ತಾದ ಮೇಲೆ ಜಗಲಿಯ ಮೆಟ್ಟಿಲು ಇಳಿಯುವವಳಲ್ಲ. ನಮ್ಮ ಬಚ್ಚಲು ಮನೆ ಅಂಗಳದ ಆಚೆ ಬದಿಯಲ್ಲಿದೆ. ಅಲ್ಲಿಗೆ ಹೋಗಬೇಕೆಂದರೆ ನನ್ನ ಸೆರಗು ಅವಳ ಮುಷ್ಟಿಯಲ್ಲಿರಬೇಕು. ಹೆದ್ರಬೇಡ, ನಾನ್ ಇದ್ನಲ ಎಂದು ನಾನು ದಾರಿಯುದ್ದಕ್ಕೂ ಹೇಳುತ್ತಿರಬೇಕು. ಹೇಳುವುದು ನಿಲ್ಲಿಸಿದರೆ ಅವಳೂ ನಿಲ್ಲುತ್ತಿದ್ದಳು. ಅಂಥವಳಿಗೆ ಕತ್ತಲೆಯನ್ನು ಓಡಿಸುವ ಹಬ್ಬ ಒಂದಿದೆ ಎಂದು ಗೊತ್ತಾದ ಮೇಲೆ ಕೇಳಬೇಕೆ, ಆ ಹಬ್ಬ ಯಾವಾಗ ಎಂದು ದಿನಾ ಒಂದೇ ರಾಗ.

ಅತ್ತೆಗೆ ಇದು ಸುತರಾಂ ಹಿಡಿಸಲಿಲ್ಲ. ನನ್ನ ಅತ್ತೆಗೆ ಎಂಬತ್ತು ದಾಟಿದೆ, ಸೊಂಟ ಬಾಗಿದೆ, ನಾಲಿಗೆ ಬಾಗಿಲ್ಲ. ಮಕ್ಕಳಿಗೆ ಅವರು ದೊಡ್ಡಜ್ಜಿ. ಹಬ್ಬದ ಸುದ್ದಿ ಕೇಳಿ ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿದರು.

"ನಿಂಗ್ ಮಂಡಿ ಸಮ ಇತ್ತಾ? ಇಪ್ಪ ಹಬ್ಬ ಮಾಡುಕೇ ಪುರ್ಸೊತ್ತಿಲ್ಲೆ, ಇನ್ನ್ ಯಾರ್ಯಾರ್ದೋ ಹಬ್ಬ ತಕಂಡ್ ಬಂದ್ಯಾ?" ಎಂದು ತಮ್ಮ ತಲೆಗೆ ಬೆರಳು ತಟ್ಟಿ ಕೇಳಿದರು.

ಮರಕ್ಕೂ ಬೆಂಕಿಗೂ ಸೂರ್ಯನಿಗೂ ಕೈ ಮುಗಿಯುವವರ ಹಬ್ಬ ಎಂದು ನಾನು ಬಿಡಿಸಿ ಹೇಳಿದೆ. ಅದನ್ನು ನಾವು ದಿನಾ ಮಾಡುತ್ತೇವಲ್ಲ, ಅದಕ್ಕೆ ಅಷ್ಟು ದೂರ ಹೋಗಿ ಬರಬೇಕಿತ್ತಾ ಎಂದರು. ಸೂರ್ಯ ತಿರುಗುವುದು ಡಿಸೆಂಬರಿನಲ್ಲೇ ಎಂದರೆ, ಇಲ್ಲ, ಉತ್ತರಾಯಣ ಸಂಕ್ರಾಂತಿಗೇ ಎಂದು ಹಠ. ಕೊನೆಗೆ ನಾವಿಬ್ಬರೂ ಒಂದು ರಾಜಿಗೆ ಬಂದೆವು. ನನ್ನ ಸೂರ್ಯ ಡಿಸೆಂಬರಿನಲ್ಲಿ ತಿರುಗಲಿ, ಅವರ ಸೂರ್ಯ ಜನವರಿಯಲ್ಲಿ ತಿರುಗಲಿ, ದೋಸೆಗೆ ಅಕ್ಕಿ ಮಾತ್ರ ಎರಡು ಸಲವೂ ನಾನೇ ನೆನೆಹಾಕುವುದು ಎಂದು.

ಮಕ್ಕಳಿಗೆ ನಾನು ಕಣ್ಣಾರೆ ತೋರಿಸಿದೆ. ನಮ್ಮ ಜಗಲಿ ಪೂರ್ವಕ್ಕೆ ಮುಖ ಮಾಡಿದೆ. ಮಳೆಗಾಲ ಹಿಡಿಯುವ ಮೊದಲು ಸೂರ್ಯ ಎಡಗಡೆಯ ಹುಣಸೆಮರದ ಹಿಂದಿನಿಂದ ಏಳುತ್ತಾನೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಬಲಕ್ಕೆ ಸರಿಯುತ್ತಾ, ಡಿಸೆಂಬರಿನಲ್ಲಿ ಆಚೆಮನೆಯ ದನದ ಹಟ್ಟಿಯ ಹೆಂಚಿನ ಮೇಲೆ ಬರುತ್ತಾನೆ. ಆಚೆಮನೆಯವಳು ದನ ಸಾಕಿ ನಮಗೆಲ್ಲ ಹಾಲು ಕೊಡುವವಳು. ಅವಳ ಹಟ್ಟಿಯಿಂದ ಮುಂದಕ್ಕೆ ಸೂರ್ಯ ಹೋಗುವುದಿಲ್ಲ, ಅಲ್ಲಿಂದ ಹಿಂದಕ್ಕೆ ತಿರುಗುತ್ತಾನೆ. ದೊಡ್ಡವನು ದಿನಾ ಬೆಳಿಗ್ಗೆ ಜಗಲಿಯ ಒಂದೇ ಜಾಗದಲ್ಲಿ ನಿಂತು ನೋಡಿ ಒಪ್ಪಿಕೊಂಡ. ಸಣ್ಣವಳು ಮಾತ್ರ, ಅವರ ಹಟ್ಟಿಯಲ್ಲಿ ಸೂರ್ಯನಿಗೂ ಹಾಲು ಕೊಡುತ್ತಾರಾ ಎಂದು ವಿಚಾರಿಸಿದಳು. ಕೊಡಬಹುದು ಎಂದೆ.

ಮೊದಲ ವರ್ಷದ ಹಬ್ಬದಲ್ಲಿ ಹಸಿರು ತರುವ ಕಾರ್ಯಕ್ರಮ ಕೆಟ್ಟಿತು. ಮಗಳ ಊರಿನಲ್ಲಿ ಚಳಿಗಾಲಕ್ಕೆ ಬಹಳ ಮರಗಳು ಎಲೆ ಉದುರಿಸಿ ಬೋಳಾಗುತ್ತವೆ, ಹಸಿರು ಉಳಿದದ್ದಕ್ಕೆ ಅದಕ್ಕೇ ಅಷ್ಟು ಮರ್ಯಾದೆ. ನಮ್ಮ ಮಕ್ಕಳು ಸುತ್ತ ನೋಡಿದರು. ಮಾವು, ಹಲಸು, ಗೇರು, ತೆಂಗು, ಎಲ್ಲವೂ ಹಸಿರೇ. ಯಾವುದನ್ನು ತರುವುದು ಎಂದು ಗೊತ್ತಾಗದೆ ಎಲ್ಲವನ್ನೂ ತಂದರು. ದೊಡ್ಡವನು ಕಡಿಸಿ ಎಳೆದು ತಂದ ಮಾವಿನ ಗೆಲ್ಲಿನಲ್ಲಿ ಎಲೆ ಹೆಣೆದುಕೊಂಡು ಚಗಳಿಗಳ ಗೂಡಿತ್ತು. ಕೆಂಪಿರುವೆ ಅಂದರೆ ಸಣ್ಣ ಸಾಮಾನಲ್ಲ. ಚಾವಡಿ ತುಂಬ ಚಗಳಿ, ಸೊಸೆ ಮೇಜಿನ ಮೇಲೆ, ಅತ್ತೆ ಸೀರೆ ಕೊಡವುತ್ತಾ ನನ್ನ ಪೇಗನ್ನರಿಗೆಲ್ಲ ಸಹಸ್ರನಾಮ. ಈಗ ನಾವು ಹಬ್ಬಕ್ಕೆ ಎರಡು ಹಲಸಿನ ಎಲೆ ಸಿಕ್ಕಿಸಿ ಕೈ ತೊಳೆದುಕೊಳ್ಳುತ್ತೇವೆ.

ಬೆಂಕಿ ಮಾತ್ರ ಚೆಂದ ಆಯಿತು. ಗಾಳಿಗೆ ಬಿದ್ದ ಗೇರುಮರದ ಒಂದು ಕೊರಡನ್ನು ಮಗ ಅಂಗಳಕ್ಕೆ ಉರುಳಿಸಿ ಕೊಟ್ಟ. ಅದು ಮೊದಲನೇ ವರ್ಷವಾದ್ದರಿಂದ ಹಿಂದಿನ ಕೊಳ್ಳಿ ಎಂಬುದು ಇರಲಿಲ್ಲ. ಬಚ್ಚಲೊಲೆಯಿಂದ ಒಂದು ಕೊಳ್ಳಿ ತಂದು, ಸಣ್ಣವಳ ಕೈ ಹಿಡಿದು ಹಚ್ಚಿಸಿದೆ. ಒಲೆಯ ಬೂದಿಯಲ್ಲಿ ಗೆಣಸು ಸುಟ್ಟೆವು. ಅತ್ತೆ ಬೆಲ್ಲದ ದೋಸೆ ಹುಯ್ದು, ದೋಸೆ ಹೇಗೂ ಗುಂಡಗೇ ಇರುತ್ತದೆ, ಅದನ್ನೇ ಸೂರ್ಯ ಎಂದುಕೊಳ್ಳಿ ಎಂದರು. ಮರುದಿನ ಬೆಳಿಗ್ಗೆ ಸೂರ್ಯ ಹಟ್ಟಿಯ ಮೇಲೆ ಬಂದಾಗ ಸಣ್ಣವಳು ಚಪ್ಪಾಳೆ ತಟ್ಟಿದಳು. ಅರ್ಧ ಸುಟ್ಟ ಕೊರಡಿನ ತುಂಡನ್ನು ನೀರು ಚಿಮುಕಿಸಿ ಆರಿಸಿ, ಒಣಗಿಸಿ, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡಿಸಿದಳು. ಇಡಲು ಏರಿದ್ದು ನಾನು, ಎಲ್ಲಿಡಬೇಕು, ಯಾವ ಕಡೆ ತಿರುಗಿಸಿಡಬೇಕು ಎಂದು ಅಪ್ಪಣೆ ಕೊಟ್ಟದ್ದು ಅವಳು. ಮುಂದಿನ ವರ್ಷ ಇದು ಇಲ್ಲದಿದ್ದರೆ ಸೂರ್ಯನಿಗೆ ದಾರಿ ಗೊತ್ತಾಗುವುದಿಲ್ಲ ಎಂದು ಅಣ್ಣನಿಗೆ ಎಚ್ಚರಿಕೆಯನ್ನೂ ಕೊಟ್ಟಳು. ಆ ವಾಕ್ಯ ನನ್ನದೇ, ನಾನೇ ಹೇಳಿಕೊಟ್ಟದ್ದು. ಮಕ್ಕಳು ಬೇಕಾದದ್ದನ್ನು ಮರೆತರೂ ಇಂಥದ್ದನ್ನು ಮರೆಯುವುದಿಲ್ಲ.

ಆಮೇಲೆ ವರ್ಷ ಕಳೆಯಿತು. ದೀಪಾವಳಿ ಬಂತು. ನಮ್ಮ ಕಡೆ ಹಬ್ಬದ ಹಿಂದಿನ ಸಂಜೆ ನೀರು ತುಂಬುವುದು ಎಂದಿದೆ. ಬಚ್ಚಲ ಹಂಡೆಯನ್ನು ಬೆಳಗಿ, ಕುತ್ತಿಗೆಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತಿ, ಬಾವಿಯ ನೀರು ತುಂಬಿಸಿಡುತ್ತೇವೆ. ಬೆಳಗಾಗುವ ಮೊದಲೇ ಎದ್ದು ಆ ನೀರು ಕಾಸಿ ಎಣ್ಣೆ ಸ್ನಾನ ಮಾಡಬೇಕು. ಆ ದಿನದ ಒಲೆಗೆ ಹಸಿ ಕಟ್ಟಿಗೆ ಹಾಕಿ ಹೊಗೆ ಎಬ್ಬಿಸಿದರೆ ಅತ್ತೆಯ ಪ್ರಕಾರ ಮನೆಗೇ ಅವಮಾನ. ಒಳ್ಳೆಯ ಒಣ ಕಟ್ಟಿಗೆಯನ್ನು ಅದಕ್ಕೆಂದೇ ಅವರು ತಿಂಗಳ ಮೊದಲೇ ಹುಡುಕುತ್ತಾರೆ. ಈ ಸಲ ಮಳೆ ಬಿಡದೆ ಸುರಿದು ಕಟ್ಟಿಗೆಯೆಲ್ಲ ಒದ್ದೆ. ಆದರೂ ಒಲೆ ಧಗಧಗ ಉರಿಯಿತು, ನೀರು ಕೊತಕೊತ ಕುದಿಯಿತು. ಎಲ್ಲಿಂದ ಬಂತು ಕಟ್ಟಿಗೆ ಎಂದು ನಾವು ಯಾರೂ ಕೇಳಲಿಲ್ಲ. ಬಿಸಿನೀರು ಸಿಕ್ಕಿದ ಮೇಲೆ ಯಾರು ಕೇಳುತ್ತಾರೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮಗ ಮನೆಯ ಮಾಡಿನ ಮೇಲೆ ಸೋಲಾರ್ ಕೂರಿಸಿದ. ಅವನ ಅಂಗಡಿಯೇ ಅದು, ಪೈಪು, ಮೋಟಾರು, ಸೋಲಾರ್. ಹಾಲಾಡಿಯಿಂದ ಬೈಂದೂರಿನವರೆಗೆ ಊರವರಿಗೆಲ್ಲ ಬಿಸಿನೀರು ಕೊಡಿಸುವವನು ತನ್ನ ಅಜ್ಜಿಯಿಂದ ಇನ್ನೂ ಹೊಗೆ ಊದಿಸುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಅತ್ತೆ ನಾಲ್ಕು ದಿನ ಮುನಿಸಿಕೊಂಡರು, ಐದನೇ ದಿನ ನಲ್ಲಿ ತಿರುಗಿಸಿ ಮಿಂದು, ಪರವಾಗಿಲ್ಲ ಎಂದರು. ಬಚ್ಚಲೊಲೆ ತಣ್ಣಗಾಯಿತು. ಅಟ್ಟದ ಕಡೆ ಕತ್ತೆತ್ತಿ ನೋಡಲು ಯಾರಿಗೂ ಕಾರಣ ಇರಲಿಲ್ಲ.

ಈ ಡಿಸೆಂಬರಿನ ಆ ದಿನ ಮಧ್ಯಾಹ್ನದಿಂದಲೇ ತಯಾರಿ. ಕೊರಡು ಅಂಗಳಕ್ಕೆ ಬಂತು, ಗೆಣಸು ತೊಳೆದದ್ದಾಯಿತು, ಹಲಸಿನ ಎಲೆ ಚಗಳಿ ಇಲ್ಲದ್ದು ನೋಡಿ ತಂದದ್ದಾಯಿತು. ಬೆಳಕು ಇಳಿಯುವ ಮೊದಲು ಸಣ್ಣವಳು ಅಣ್ಣನನ್ನು ಕರೆದುಕೊಂಡು ಬಚ್ಚಲು ಮನೆಗೆ ಹೋದಳು, ತನ್ನ ಕೊಳ್ಳಿ ಇಳಿಸಿ ತರಲು. ಹೋದವರು ಬರಲಿಲ್ಲ. ನಾನು ಹೋಗಿ ನೋಡಿದರೆ ದೊಡ್ಡವನು ಒಲೆಯ ದಂಡೆ ಹತ್ತಿ ಅಟ್ಟದ ಮೇಲೆ ಕೈಯಾಡಿಸುತ್ತಿದ್ದ. ಅಲ್ಲಿ ಒಂದು ಹಳೆಯ ಗೆರಸೆ, ಎರಡು ಕರಟ, ಇಷ್ಟೇ ಇದ್ದದ್ದು. ಅವಳು ಕೆಳಗೆ ನಿಂತಿದ್ದಳು, ಅಳುತ್ತಿರಲಿಲ್ಲ. ಅಳದೆ ಇದ್ದದ್ದೇ ನನಗೆ ಹೆಚ್ಚು ಸಂಕಟವಾಯಿತು.

"ಅಜ್ಜಿ, ಕೊಳ್ಳಿ ಇಲ್ಲೆ. ಹಾಂಗಾರೆ ನಾಳೆ ಸೂರ್ಯ ಬತ್ತಿಲ್ಯಾ?" ಎಂದಳು.

ಬರುತ್ತಾನೆ ಮಗಾ ಎಂದೆ. ಹೇಗೆ ಬರುತ್ತಾನೆ, ಬರುವುದಿಲ್ಲ ಎಂದು ನೀವೇ ಹೇಳಿದ್ದಲ್ಲವಾ ಎಂದು ಕೇಳಿದಳು. ಇಷ್ಟು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಕೊಟ್ಟೇ ಸಂಬಳ ತೆಗೆದುಕೊಂಡವಳು ನಾನು. ಭೂಮಿ ವಾಲಿಕೊಂಡು ತಿರುಗುವುದನ್ನೆಲ್ಲ ಹೇಳಬಹುದಿತ್ತು. ಆದರೆ ಎದುರಿಗಿದ್ದದ್ದು ಆ ಪ್ರಶ್ನೆಯೇ ಅಲ್ಲ. ಒಂದು ವರ್ಷ ಕತ್ತಲೆಯಾದಾಗಲೆಲ್ಲ ಈ ಮಗು, ನನ್ನ ಹತ್ತಿರ ಕೊಳ್ಳಿ ಇದೆ ಎಂದು ನೆನಸಿಕೊಂಡು ಮಲಗಿದೆ ಎಂದು ನನಗೆ ಆಗ ತಿಳಿಯಿತು. ಸೊಸೆ ಬಂದು, ಬೇರೆ ಕಟ್ಟಿಗೆಯ ತುಂಡು ಕೊಟ್ಟು ಇದೇ ಅದು ಎಂದುಬಿಡೋಣವಾ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಕೊಳ್ಳಿಯ ಮುಖ ಯಾವ ಕಡೆ ಎಂದು ಅಪ್ಪಣೆ ಕೊಟ್ಟವಳಿಗೆ ಅದು ನಡೆಯುವ ಮಾತಲ್ಲ. ದೊಡ್ಡವನು ಬೆಂಕಿಪೆಟ್ಟಿಗೆ ತಂದು ನಿಂತ. ಅದನ್ನು ನೋಡಿದ್ದೇ ಅವಳ ಅಳುವಿನ ಕಟ್ಟೆ ಒಡೆಯಿತು.

ಅಳು ಕೇಳಿ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಏನು ಹುಡುಕುತ್ತಿದ್ದೀರಿ ಎಂದರು, ನಾನು ಹೇಳಿದೆ. ಅವರ ಮುಖದಲ್ಲಿ ನಾನು ಎಂದೂ ಕಾಣದ ಒಂದು ಬಣ್ಣ ಬಂದುಹೋಯಿತು.

"ಆ ಗೇರ್ ಕೊಳ್ಳಿಯಾ? ಅದನ್ನ್ ನಾನ್ ದೀಪಾವಳಿ ನೀರ್ ಕಾಸುಕೆ ಒಲಿಗ್ ಹಾಕ್ದೆ. ಅಷ್ಟ್ ಒಣಗಿದ್ ಕಟ್ಗಿ ಬೇರೆ ಎಲ್ಲಿತ್ತ್ ಮಾರಾಯ್ತಿ?"

ತಪ್ಪೆಂದು ಯಾರಿಗೆ ಹೇಳುವುದು. ಹಬ್ಬದ ನೀರಿಗೆ ಮನೆಯ ಅತಿ ಒಳ್ಳೆಯ ಕಟ್ಟಿಗೆಯನ್ನೇ ಹಾಕಬೇಕು ಎಂದು ನಂಬಿದ ಹೆಂಗಸು, ವರ್ಷವಿಡೀ ಹೊಗೆ ತಿಂದು ಒಣಗಿದ ತುಂಡು ಕಣ್ಣೆದುರು ಇರುವಾಗ ಬಿಡುತ್ತಾರೆಯೇ. ಇನ್ನೊಬ್ಬರ ಹಬ್ಬದ ಕೊಳ್ಳಿಯನ್ನು ನಮ್ಮ ಹಬ್ಬ ತಿಂದಿತು. ಬೇರೆ ದಿನವಾಗಿದ್ದರೆ ನಾನೇ ಬಿದ್ದು ಬಿದ್ದು ನಗುತ್ತಿದ್ದೆ. ಆದರೆ ಅಲ್ಲಿ ಐದು ವರ್ಷದ ಮಗುವೊಂದು ನೆಲದ ಮೇಲೆ ಕೂತು ಬಿಕ್ಕುತ್ತಿತ್ತು, ಎಂಬತ್ತು ದಾಟಿದವರೊಬ್ಬರು ಅದರ ಪಕ್ಕದಲ್ಲಿ ಕೂರಲು ಸೊಂಟ ಬಾಗಿಸಿ ಒದ್ದಾಡುತ್ತಿದ್ದರು. ಕೂತವರು ಮಗುವನ್ನು ಮುಟ್ಟಲಿಲ್ಲ. ತಣ್ಣಗಿನ ಒಲೆಯ ಕಡೆ ನೋಡುತ್ತಾ ಏನನ್ನೋ ಯೋಚಿಸಿದರು. ಆಮೇಲೆ ತಮ್ಮ ಸೆರಗಿನಿಂದ ಅವಳ ಮೂಗು ಒರೆಸಿದರು.

"ಅಳ್ಬೇಡ ಮಗಾ, ಬೆಂಕಿ ಸಾಯ್ಲಿಲ್ಲ. ಆವತ್ತ್ ಬೆಳಿಗ್ಗೆ ಆಚಿಮನಿಯವ್ಳ್ ಬಂದ್ ನಮ್ ಒಲಿಯಿಂದ್ಲೇ ಕೊಳ್ಳಿ ತಕಂಡ್ ಹೋದ್ಲ್. ಅವ್ಳ್ ಹಟ್ಟಿ ಒಲಿ ಇವತ್ತಿನ್ ವರಿಗೂ ಆರ್ಲಿಲ್ಲ."

ನನಗೂ ಆಗ ನೆನಪಾಯಿತು. ದೀಪಾವಳಿಯ ಬೆಳಿಗ್ಗೆ ಆಚೆಮನೆಯವಳ ಹಟ್ಟಿಯ ಒಲೆ ಆರಿ, ಕಟ್ಟಿಗೆ ಮಳೆಗೆ ಒದ್ದೆಯಾಗಿ ಹೊತ್ತಿಕೊಳ್ಳದೆ, ನಮ್ಮ ಬಚ್ಚಲೊಲೆಯಿಂದ ಉರಿಯುವ ಒಂದು ತುಂಡನ್ನು ಅವಳು ಕೊಂಡುಹೋಗಿದ್ದಳು. ದನಗಳಿಗೆ ಬೆಳಿಗ್ಗೆ ಸಂಜೆ ಹುರುಳಿ ಬೇಯಿಸಬೇಕಾದ್ದರಿಂದ ಅವಳ ಹಟ್ಟಿಯ ಒಲೆಗೆ ರಜೆ ಎಂಬುದಿಲ್ಲ. ಕೆಲಸ ಮುಗಿದ ಮೇಲೆ ಕೆಂಡಕ್ಕೆ ಉಮಿ ಮುಚ್ಚಿಡುತ್ತಾಳೆ, ಮತ್ತೆ ಬೇಕಾದಾಗ ಕೆದಕಿ ಊದುತ್ತಾಳೆ. ಅತ್ತೆಯೂ ಹಾಗೆಯೇ ಮಾಡುತ್ತಿದ್ದವರು, ಸೋಲಾರ್ ಬರುವ ತನಕ.

ದೊಡ್ಡವನಿಗೆ ಸಂಶಯ ಹೋಗಲಿಲ್ಲ. ನಡುವೆ ಒಂದು ದಿನ ಆರಿಹೋಗಿ ಅವರು ಬೆಂಕಿಕಡ್ಡಿ ಗೀರಿದ್ದರೆ ಎಂದು ಕೇಳಿದ. ಒಳ್ಳೆಯ ಪ್ರಶ್ನೆ, ನನ್ನ ಕ್ಲಾಸಿನಲ್ಲಿದ್ದರೆ ಬೆನ್ನು ತಟ್ಟುತ್ತಿದ್ದೆ, ಆ ಹೊತ್ತಿನಲ್ಲಿ ಮಾತ್ರ ಕಿವಿ ಹಿಂಡೋಣ ಅನಿಸಿತು. ಅತ್ತೆ ಜಗಲಿಗೆ ಬಂದು ಹ್ವಾಯ್ ಎಂದು ಆಚೆಮನೆಗೆ ಕೇಳುವ ಹಾಗೆ ಕೂಗಿದರು. ಬೇಲಿಯ ಆಚೆಯಿಂದ ಆಚೆಮನೆಯವಳು ಓಗೊಟ್ಟಳು. ಇಡೀ ಕಥೆ ಕೂಗಿನಲ್ಲೇ ವಿಲೇವಾರಿ ಆಯಿತು. ಅವಳ ಮನೆಯಲ್ಲಿ ಬೆಂಕಿಪೆಟ್ಟಿಗೆ ಇರುವುದು ದೇವರ ದೀಪಕ್ಕೆ ಮಾತ್ರವಂತೆ, ಹಟ್ಟಿಯ ಒಲೆಗೆ ದೀಪಾವಳಿಯಿಂದ ಈಚೆ ಕಡ್ಡಿ ಗೀರಿದ್ದೇ ಇಲ್ಲವಂತೆ, ಬೇಕಾದರೆ ದನದ ಮೇಲೆ ಆಣೆ ಮಾಡುತ್ತಾಳಂತೆ. ಹುರುಳಿ ಈಗಷ್ಟೇ ಇಳಿಸಿದೆ, ಕೆಂಡ ನಿಗಿನಿಗಿ ಇದೆ, ಬಂದರೆ ಕೊಡುತ್ತೇನೆ ಎಂದಳು.

ಸಣ್ಣವಳು ಮೂಗೆಳೆದುಕೊಂಡು ಎದ್ದು ನಿಂತಳು. ಸೂರ್ಯ ತಿರುಗುವುದೂ ಅದೇ ಹಟ್ಟಿಯ ಹತ್ತಿರವಲ್ಲವಾ ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಹೌದು ಎಂದೆ, ಚಪ್ಪಲಿ ಮೆಟ್ಟಿದೆ, ತಂದುಬಿಡುತ್ತೇನೆ ಎಂದು ಹೊರಟೆ. ಅವಳು ನನ್ನ ಸೆರಗು ಹಿಡಿದಳು. ಎಂದಿನ ಹಾಗೆ ಹಿಂದೆ ಬರುವುದಕ್ಕೆ ಎಂದುಕೊಂಡೆ. ಹಿಡಿದದ್ದು ನನ್ನನ್ನು ನಿಲ್ಲಿಸುವುದಕ್ಕೆ.

"ಸಣ್ಣವ್ರೇ ಬೆಂಕಿ ತರ್ಬೇಕ್ ಅಂದಿದ್ರಿ. ನೀವ್ ತಂದ್ರೆ ಲೆಕ್ಕಕ್ಕಿಲ್ಲೆ" ಎಂದಳು.

ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ನಮ್ಮ ಅಂಗಳ ದಾಟಿ, ಹುಲ್ಲಿನ ಕುತ್ತರಿಯ ಬದಿಯಿಂದ ಹೋಗಿ, ಬೇಲಿಯ ತಡಮೆ ದಾಟಿದರೆ ಆಚೆಮನೆಯವಳ ಹಟ್ಟಿ. ಹಗಲಿನಲ್ಲಿ ಒಂದು ಹಾಡು ಮುಗಿಯುವುದರೊಳಗೆ ಹೋಗಿ ಬರುವ ದಾರಿ. ಅಂಗಳದ ಬಲ್ಬಿನ ಬೆಳಕು ಕುತ್ತರಿಯವರೆಗೆ ಬರುತ್ತದೆ, ಅದರಾಚೆ ಇಲ್ಲ. ಜೊತೆಯಲ್ಲಿ ಬರುತ್ತೇನೆ, ಮುಟ್ಟುವುದಿಲ್ಲ, ಸುಮ್ಮನೆ ಹಿಂದೆ ಬರುತ್ತೇನೆ ಎಂದೆ. ಅವಳು ಬೇಡ ಎಂದು ತಲೆಯಾಡಿಸಿದಳು. ಸೊಸೆ ನನ್ನ ಮುಖ ನೋಡಿದಳು, ನಾನು ಅತ್ತೆಯ ಮುಖ ನೋಡಿದೆ. ಅತ್ತೆ, ಹೋಗಲಿ ಬಿಡು ಎಂದರು. ಹೇಳಿದ್ದು ಸುಲಭವಾಗಿ, ಕೈ ಮಾತ್ರ ಜಗಲಿಯ ಕಂಬವನ್ನು ಗಟ್ಟಿಯಾಗಿ ಹಿಡಿದಿತ್ತು.

ಅವಳು ಮೆಟ್ಟಿಲಿಳಿದಳು. ಅಂಗಳದ ಬೆಳಕಿನಲ್ಲಿ ನಡೆದಳು. ಕುತ್ತರಿಯ ಹತ್ತಿರ ನಿಂತಳು. ಇನ್ನು ತಿರುಗುತ್ತಾಳೆ ಎಂದುಕೊಂಡೆ, ತಿರುಗಿದರೆ ಎತ್ತಿಕೊಳ್ಳಲು ಒಂದು ಕಾಲು ಮುಂದಿಟ್ಟೇ ನಿಂತಿದ್ದೆ. ತಿರುಗಲಿಲ್ಲ. ಮುಂದಕ್ಕೆ ಹೋಗಿ ಕಾಣದಾದಳು. ಆಮೇಲೆ ಕತ್ತಲೆಯೊಳಗಿನಿಂದ ಅವಳ ದನಿ ಕೇಳಿಸಿತು, ಶಾಲೆಯಲ್ಲಿ ಕಲಿತ ಮಗ್ಗಿಯನ್ನು ಜೋರಾಗಿ ಹೇಳುತ್ತಾ ಹೋಗುತ್ತಿದ್ದಳು. ಎರಡರ ಮಗ್ಗಿ ಮುಗಿಯುವ ಮೊದಲು ಆಚೆಮನೆಯವಳು ಮಾತಾಡಿಸಿದ್ದು ಕೇಳಿಸಿತು, ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ.

ವಾಪಸು ಬರುವಾಗ ಮಗ್ಗಿ ಇರಲಿಲ್ಲ. ಉದ್ದ ಹಿಡಿಯ ಕಬ್ಬಿಣದ ಸೌಟಿನಲ್ಲಿ ಬೂದಿ ಹಾಕಿ, ಅದರ ಮೇಲೆ ಕೆಂಡ ಇಟ್ಟು ಕೊಟ್ಟಿದ್ದಳು ಆಚೆಮನೆಯವಳು. ನಮಗೆ ಕಂಡದ್ದು ಆ ಕೆಂಡ ಮಾತ್ರ. ಕತ್ತಲೆಯಲ್ಲಿ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಒಂದು ಕೆಂಪು ಚುಕ್ಕೆ ನಿಧಾನವಾಗಿ ನಮ್ಮ ಕಡೆ ಬರುತ್ತಿತ್ತು. ಓಡಿದರೆ ಬೀಳುತ್ತದೆ ಎಂದು ಅವಳು ಓಡಲಿಲ್ಲ. ಆಚೆಮನೆಯವಳು ಟಾರ್ಚು ಆರಿಸಿಕೊಂಡು ಚಪ್ಪಲಿ ಕಳಚಿ ಹತ್ತು ಹೆಜ್ಜೆ ಹಿಂದೆಯೇ ಬರುತ್ತಿದ್ದದ್ದು ನನಗೆ ಆಮೇಲೆ ಗೊತ್ತಾಯಿತು. ಸಣ್ಣವಳಿಗೆ ಅದು ಇವತ್ತಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ.

ಬೆಳಕಿಗೆ ಬಂದಾಗ ನೋಡಿದರೆ ನಾಲಿಗೆ ಹೊರಗೆ ಹಾಕಿ, ಕಣ್ಣು ಕೆಂಡದ ಮೇಲೇ ನೆಟ್ಟು, ಅಳುವಿನ ಗುರುತು ಕೆನ್ನೆಯ ಮೇಲೆ ಇನ್ನೂ ಇರುವಾಗಲೇ ರಾಣಿಯ ಹಾಗೆ ನಡೆದು ಬರುತ್ತಿದ್ದಾಳೆ. ಕೊರಡಿನ ಬುಡದಲ್ಲಿ ಒಟ್ಟಿದ್ದ ತೆಂಗಿನ ಸಿಪ್ಪೆಗೆ ಕೆಂಡ ಸುರಿದಳು. ಅತ್ತೆ ಬಗ್ಗಲಾಗದೆ ನಿಂತಲ್ಲಿಂದಲೇ, ಊದು ಮಗಾ, ಹೊಟ್ಟೆಯಿಂದ ಊದು ಎಂದು ಹೇಳಿಕೊಟ್ಟರು. ಊದಿದಳು. ಹೊಗೆ ಬಂತು, ಕೆಮ್ಮಿದಳು, ಮತ್ತೆ ಊದಿದಳು. ಹೊತ್ತಿಕೊಂಡಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ, ಹೊಗೆ ಎಂದು ಹೇಳಿದೆ, ಯಾರೂ ನಂಬಲಿಲ್ಲ.

ಆಮೇಲೆ ದೋಸೆ, ಗೆಣಸು, ಗದ್ದಲ. ಫೋನಿನಲ್ಲಿ ಮಗಳು ಬಂದಳು, ಅವರಲ್ಲಿ ಆಗ ಸೂರ್ಯ ಹೊರಡುವ ತಯಾರಿಯಲ್ಲಿದ್ದ. ಸಣ್ಣವಳು ಆ ಊರಿನ ಪುಟ್ಟ ಮಗುವಿಗೆ ಬೆಂಕಿ ತೋರಿಸಿ, ನಮ್ಮದು ಮುಗಿದ ಕೂಡಲೇ ಸೂರ್ಯನನ್ನು ಕಳಿಸುತ್ತೇವೆ, ಅಳಬೇಡ ಎಂದು ಧೈರ್ಯ ಹೇಳಿದಳು. ಅತ್ತೆ ತಾವಾಗಿಯೇ, ಈ ವರ್ಷದ ಕೊಳ್ಳಿಯನ್ನು ಬಚ್ಚಲಿನಲ್ಲಿ ಇಡುವುದು ಬೇಡ, ತಮ್ಮ ಮಂಚದ ಕೆಳಗೆ ಇಡುತ್ತೇನೆ ಎಂದರು. ಸೊಸೆ, ಕೊಳ್ಳಿಯನ್ನು ಮಂಚದ ಕೆಳಗೆ ಇಡುವವರು ಎಲ್ಲಾದರೂ ಇದ್ದಾರಾ ಎಂದಳು. ಅತ್ತೆ, ನೀನು ಸುಮ್ಮನಿರು, ನಿನಗೆ ಪೇಗನ್ ಗೊತ್ತಿಲ್ಲ ಎಂದರು.

ಸೂರ್ಯನನ್ನು ಎದುರುಗೊಳ್ಳಲು ಬೆಳಿಗ್ಗೆ ನಾನು ಮಕ್ಕಳನ್ನು ಎಬ್ಬಿಸುವುದೆಂದು ಮಾತಾಗಿತ್ತು. ಗೆಣಸು ಹೆಚ್ಚಾಗಿತ್ತೋ ಏನೋ, ನಾನೇ ಮಲಗಿಬಿಟ್ಟಿದ್ದೆ. ಯಾರೋ ಭುಜ ಅಲುಗಾಡಿಸಿದಾಗ ಎಚ್ಚರವಾಯಿತು. ಕಿಟಕಿಯ ಹೊರಗೆ ಇನ್ನೂ ಬೆಳಕಿರಲಿಲ್ಲ. ದೇವಸ್ಥಾನದ ಕಡೆಯಿಂದ ಧನುರ್ಮಾಸದ ಪೂಜೆಯ ಗಂಟೆ ಕೇಳಿಸುತ್ತಿತ್ತು. ಎದ್ದು ಕಣ್ಣುಜ್ಜಿಕೊಳ್ಳುತ್ತಾ ಸಣ್ಣವಳ ಹಿಂದೆ ಜಗಲಿಗೆ ಬಂದೆ. ಅಂಗಳದ ಬಲ್ಬು ಆರಿತ್ತು, ಕೊರಡು ಬೂದಿಯ ಒಳಗೆ ಮಿನುಗುತ್ತಿತ್ತು. ಮಂಜಿಗೆ ಮೆಟ್ಟಿಲು ಜಾರುತ್ತಿದ್ದದ್ದರಿಂದ ನಾನು ಕಂಬ ಹಿಡಿದು, ಕಾಲಿನಲ್ಲಿ ಮೆಟ್ಟಿಲು ತಡಕುತ್ತಾ ನಿಂತೆ. ಅವಳು ಆಗಲೇ ಕೆಳಗಿನ ಕತ್ತಲೆಯಲ್ಲಿ ನಿಂತಿದ್ದಳು. ನನ್ನ ಕಡೆ ಕೈ ಚಾಚಿದಳು.

"ಬನ್ನಿ ಅಜ್ಜಿ, ಹೆದ್ರಬೇಡಿ. ನಾನ್ ಇದ್ನಲ" ಎಂದಳು.